ಬುಗುರಿ

ಇಸ್ತ್ರಿ ಅಂಗಡಿಯ ಹಿಂದೆ, ಏಸಿಯ ಪೈಪು
ತೊಟ್ಟಿಕ್ಕುವ ಅಂಗೈಯಗಲ ತಂಪಿನಲ್ಲಿ
ಸಿಕ್ಕಿದ್ದು ಇವನು. ಜುಲೈ ತಿಂಗಳು, ಸೊಹಾರ್.
ಮೈತುಂಬ ಉಣ್ಣಿ. ಕತ್ತಿನಲ್ಲಿ ಯಾರೋ ಕಟ್ಟಿ ಮರೆತ
ನೀಲಿ ಪ್ಲಾಸ್ಟಿಕ್ ಹಗ್ಗ.
ಬಿಡಿಸಲೆಂದು ಕತ್ತರಿ ತಂದರೆ
ಕತ್ತರಿಯನ್ನೇ ಕಚ್ಚಿಕೊಂಡು ಓಡಿದ.

ನಿಂತಲ್ಲಿ ನಿಲ್ಲ. ಬಾಲ ಹಿಡಿಯಲು ಸುತ್ತಿ ಸುತ್ತಿ
ತಲೆತಿರುಗಿ ಬೀಳುತ್ತಾನೆ,
ಎದ್ದಮೇಲೆ ಬಾಲದ ಮೇಲೇ ಸಿಟ್ಟು.
ಬುಗುರಿ ಎಂದೆ. ಹೆಸರಿಟ್ಟೆ, ಕೆಟ್ಟೆ,
ಇನ್ನು ಬಿಡುವಂತಿಲ್ಲ.

ಇಟ್ಟುಕೊಳ್ಳುವಂತೆಯೂ ಇಲ್ಲ. ಒಂದು ಕೋಣೆ, ಆರು ಮಂಚ,
ಮೇಲಿನ ಮಂಚದ ಜುನೈದನಿಗೆ ಕೂದಲು ಕಂಡರೆ ಸೀನು.
ಶಾಬಂದ್ರಿ ಸಾಹೇಬರು ಗಲ್ಲಾದಿಂದ ತಲೆಯೆತ್ತದೆ
"ಒಂದು ವಾರ, ಅಣ್ಣಪ್ಪ. ಅದೂ ಹಿಂದಿನ ಶೆಡ್ಡಿನಲ್ಲಿ" ಎಂದರು.
ಅವರೇ ರಾತ್ರಿ ಅಂಗಡಿ ಮುಚ್ಚಿದ ಮೇಲೆ
ಮೀನಿನ ತಲೆ ಕಾಗದದಲ್ಲಿ ಸುತ್ತಿ ತಂದು
ಶೆಡ್ಡಿನ ಬಾಗಿಲಲ್ಲಿ ಇಡಲಿಲ್ಲ,
ನಾನೂ ನೋಡಲಿಲ್ಲ.

ಬಟ್ಟೆ ಕೊಡುವ ಮನೆಮನೆಯಲ್ಲೂ ಕೇಳಿದೆ,
ಬಿಲ್ಲಿನ ಬೆನ್ನಿಗೆ ಬರೆದೂ ಕೊಟ್ಟೆ:
ವಯಸ್ಸು ಏಳು ತಿಂಗಳು, ಹಲ್ಲು ನೋಡಿ ಡಾಕ್ಟರು ಹೇಳಿದ್ದು.
ಸೂಜಿ ಆಗಿದೆ.
ಗುಣ, ಎಲ್ಲರೂ ತನ್ನವರೇ ಎಂಬ ನಂಬಿಕೆ.
ದೋಷ, ಅದೇ.
ಮತ್ತೆ ಚಪ್ಪಲಿ. ಎಡಗಾಲಿನದು ಮಾತ್ರ.

ಬಂದರಿನ ಎಂಜಿನಿಯರನ ಹೆಂಡತಿ ಫೋಟೋ ನೋಡಿ
"ಇದರಲ್ಲಿ ಬಿಳಿ ಇಲ್ಲವಾ?" ಎಂದಳು, ಸೀರೆ ಕೇಳುವ ಹಾಗೆ.
ಗೋದಾಮಿನವನಿಗೆ ಬೊಗಳುವುದು ಬೇಕಿತ್ತು,
ಇವನು ಅವನ ಗಡ್ಡ ನೆಕ್ಕಿದ.
ಇನ್ನೊಂದು ಮನೆಯ ಮಕ್ಕಳು ಅತ್ತು ಹೊರಳಿ ಒಯ್ದರು,
ಎರಡೇ ರಾತ್ರಿ. ಸೋಫಾದ ಹೊಟ್ಟೆ ಬಗೆದನೆಂದು
ಅಪ್ಪ ಕಾರಿನಲ್ಲಿ ತಂದು ಇಳಿಸಿದ.
ಬಾಯಲ್ಲಿನ್ನೂ ಸ್ಪಂಜಿನ ಚೂರು, ಮುಖದಲ್ಲಿ
ಪ್ರವಾಸ ಮುಗಿಸಿ ಬಂದವನ ಕಳೆ.
ಉಳಿದವರದೆಲ್ಲ ಒಂದೇ ಮಾತು, ಬುಕ್ರಾ.
ಬುಕ್ರಾ, ಇನ್ಶಾ ಅಲ್ಲಾ.
ನಾಳೆ. ಈ ದೇಶದಲ್ಲಿ ನಾನು ಮೊದಲು ಕಲಿತ ಪದ,
ಹಳೆ ಕಂಪನಿಯ ಸಂಬಳದ ಕಿಟಕಿಯಲ್ಲಿ.

ಒಂದು ವಾರ ಎಂಬುದು ಐದಾಯಿತು.

ಆಗ ಈ ಕೆಲಸ ಮಾಡಿದ. ವ್ಯಾನಿನಲ್ಲಿ ತೂಗುಹಾಕಿದ್ದ,
ಗಂಜಿ ಕುಡಿದು ಗರಿಗರಿ ನಿಂತಿದ್ದ ಬಿಳಿ ದಿಶ್‌ದಾಶಾದ
ನಟ್ಟನಡು ಎದೆಗೆ ಒಂದು ಪಾದ.
ನಾಲ್ಕು ಬೆರಳು, ಒಂದು ಅಂಗಾಲು, ಒದ್ದೆ ಮಣ್ಣಿನ ಮುದ್ರೆ.
ಶಮ್ಸಾ ಅಜ್ಜಿಯ ಮೊಮ್ಮಗನದು. ಶುಕ್ರವಾರ ಅವನ ನಿಕಾಹ್.

ಅಂಗಿಯನ್ನೂ ಅಪರಾಧಿಯನ್ನೂ ಒಟ್ಟಿಗೇ ಒಯ್ದೆ
ಸಹಮ್ ದಾರಿಯ ಖರ್ಜೂರದ ತೋಟಕ್ಕೆ.
ಜರಿಬಣ್ಣದ ಮುಖವಾಡದೊಳಗಿಂದ ಎರಡು ಕಣ್ಣು
ಅಂಗಿ ನೋಡಿದವು, ನನ್ನ ನೋಡಿದವು.
ಅಷ್ಟರಲ್ಲಿ ಇವನು ಆಡುಗಳ ನಡುವೆ!
ಮುಂಗಾಲು ಚಾಚಿ, ಹಿಂಭಾಗ ಎತ್ತಿ, ಬಾ ಆಡುವಾ ಎಂದ.
ಮುದಿ ಹೋತ ಕೊಂಬು ತಗ್ಗಿಸಿ ಗುದ್ದಿತು.
ಉರುಳಿ, ಎದ್ದು, ಧೂಳು ಕೊಡವಿ, ಇನ್ನೊಮ್ಮೆ ಎಂದ.
ಅಜ್ಜಿ ನಕ್ಕದ್ದು ಕಾಣಲಿಲ್ಲ,
ಹೆಗಲು ಕುಲುಕಿದ್ದು ಕಂಡಿತು.

"ಹೆಸರು?"
"ಬುಗುರಿ."
"ಬುಕ್ರಾ?"
"ಅಲ್ಲ ಅಜ್ಜಿ, ಬುಗುರಿ. ದಾರ ಸುತ್ತಿ, ಹೀಗೆ..."
ಇಲ್ಲದ ಬುಗುರಿಯನ್ನು ಅಂಗಳದಲ್ಲಿ ಆಡಿಸಿ ತೋರಿಸಿದೆ.
ಬೀಳುವವರೆಗೂ ನೋಡಿದಳು.
"ಬುಕ್ರಾ," ಎಂದಳು, ತೀರ್ಪು ಕೊಟ್ಟವಳಂತೆ.
"ಮನೆಯೊಳಗೆ ಕೂಡದು. ತೋಟ ಅವನದು, ಫಲಜಿನ ನೀರು ಅವನದು.
ಅಂಗಿ ಏಳು ಸಲ ತೊಳೆದು ತಾ."

ಕಹ್ವಾ ಕುಡಿದು ಎದ್ದೆ. ಹಿಂದೆ ಓಡಿ ಬಂದಾನೆಂದು
ಮನಸ್ಸು ಗಟ್ಟಿಮಾಡಿಕೊಂಡಿದ್ದೆ. ಬರಲಿಲ್ಲ,
ಹೋತದ ಜೊತೆ ಲೆಕ್ಕ ಬಾಕಿಯಿತ್ತಲ್ಲ.

ಚಾಪೆಯ ಅಂಚಿನಲ್ಲಿ ಕಾಲು ತಡಕಿತು:
ಬಲಗಾಲಿನ ಚಪ್ಪಲಿ ಇದೆ.
ಇನ್ನೊಂದು?
ಅಜ್ಜಿ ತೋಟದತ್ತ ಕೈಬೀಸಿ
"ಬುಕ್ರಾ" ಎಂದಳು.

ಕದ್ದವನ ಹೆಸರು ಹೇಳಿದಳೋ,
ನಾಳೆ ಬಾ ಎಂದಳೋ.

ಸುಡುವ ಮರಳ ಮೇಲೆ ಕುಂಟಾಬಿಲ್ಲೆಯಾಡುತ್ತ
ವ್ಯಾನಿನವರೆಗೆ ಹೋದೆ.